ಪ್ರಶ್ನೆ ಕೇಳಲು ಕಲಿಸಿದ ಮೇಷ್ಟರು: ಡಾ. ಎಚ್. ನರಸಿಂಹಯ್ಯ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ ನನಗೆ ಸಂತೋಷವೂ ಆಯಿತು, ಅಳುಕೂ ಆಯಿತು. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಪ್ರೋಗ್ರಾಂ ಬರೆಯುವ ನಾನು ಕನ್ನಡದಲ್ಲಿ ನಾಲ್ಕು ಪುಟ ಬರೆದು ಬಹಳ ವರ್ಷಗಳಾಗಿವೆ. ತಪ್ಪಿದ್ದ ಕಡೆ ನಮಗೆ ಕನ್ನಡ ಕಲಿಸಿದ ಮೇಡಂ ಅವರು ಎಂದಿನಂತೆ ಕೆಂಪು ಇಂಕಿನಲ್ಲಿ ಗೀಟು ಹಾಕಲಿ ಎಂದು ಕೇಳಿಕೊಳ್ಳುತ್ತೇನೆ.

ಮಕ್ಕಳಿಗೆ ಪ್ರೇರಣೆಯಾಗುವಂಥ ಒಬ್ಬ ಹಿರಿಯರ ಜೀವನ ಬರೆಯಿರಿ ಎಂದು ಸಮಿತಿಯವರು ಸೂಚಿಸಿದ್ದರು. ನಾನು ಆರಿಸಿಕೊಂಡದ್ದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಡಾ. ಎಚ್. ನರಸಿಂಹಯ್ಯನವರನ್ನು. ಎಲ್ಲರ ಬಾಯಲ್ಲಿ ಅವರು ಎಚ್ಚೆನ್. ಆರಿಸಿಕೊಳ್ಳಲು ಎರಡು ಕಾರಣಗಳಿವೆ. ನಮ್ಮ ಹಾಗೆ ಹಳ್ಳಿಯ ಶಾಲೆಯಿಂದ ಬಂದು, ನಾವು ದಿನವೂ ಓಡಾಡುವ ಈ ದಕ್ಷಿಣ ಬೆಂಗಳೂರಿನಲ್ಲೇ ಬಾಳಿದವರು ಅವರು ಎಂಬುದು ಒಂದು. ಎರಡನೆಯದು ಇದೇ ಶಾಲೆಯಲ್ಲಿ ಓದುವಾಗ ನಾನು ಮಾಡಿದ ಒಂದು ತಪ್ಪು. ಅದನ್ನು ಮುಂದೆ ಹೇಳುತ್ತೇನೆ.

ನರಸಿಂಹಯ್ಯನವರು ಹುಟ್ಟಿದ್ದು 1920ರ ಜೂನ್ 6ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಈಗ ಅದು ಚಿಕ್ಕಬಳ್ಳಾಪುರ ಜಿಲ್ಲೆ. ತಂದೆ ಹನುಮಂತಪ್ಪ, ತಾಯಿ ವೆಂಕಟಮ್ಮ. ಹಿಂದುಳಿದ ಸಮುದಾಯದ ಬಡ ಮನೆತನ. ಮಳೆಯನ್ನು ನಂಬಿ ಬದುಕುವ ಸೀಮೆ ಅದು. ಅಂಥ ಮನೆಯ ಹುಡುಗ ಊರಿನ ಶಾಲೆ ಮುಗಿಸಿದರೆ ಅದೇ ದೊಡ್ಡ ಓದು ಎನ್ನುವ ಕಾಲ. ಆದರೆ ಈ ಹುಡುಗನಿಗೆ ಹೈಸ್ಕೂಲು ಓದುವ ಆಸೆ ಹತ್ತಿತ್ತು. ಅದಕ್ಕೆ ಬೆಂಗಳೂರಿಗೆ ಬರಬೇಕು, ಬಸ್ಸಿಗೆ ಕೊಡಲು ಕಾಸಿಲ್ಲ. 1935ರಲ್ಲಿ ಅವರು ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಬಂದರು. ಸುಮಾರು 80 ಕಿ.ಮೀ. ದೂರ, ಎರಡು ದಿನದ ನಡಿಗೆ. ಮಳೆ ಹನಿದರೆ ಮೂರು ಕಿ.ಮೀ. ನಡೆಯಲು ಗೊಣಗುತ್ತಿದ್ದ ನಮ್ಮ ಬ್ಯಾಚಿನವರು ಇದನ್ನು ಸ್ವಲ್ಪ ನೆನೆಯಬೇಕು.

ಅವರು ಸೇರಿದ್ದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ. ಆನಿ ಬೆಸೆಂಟರ ಪ್ರೇರಣೆಯಿಂದ 1917ರಲ್ಲಿ ಶುರುವಾದ ಶಾಲೆ ಅದು. ರಾಷ್ಟ್ರೀಯ ಶಿಕ್ಷಣ ಅಂದರೆ ದೇಶದ ಬಗ್ಗೆ ಅಭಿಮಾನ ಬೆಳೆಸುವ ಶಿಕ್ಷಣ ಎಂಬುದು ಆ ಸಂಸ್ಥೆಯ ಹುಟ್ಟಿನ ಉದ್ದೇಶ. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದು ಹಿಂದಿಯಲ್ಲಿ ಮಾತನಾಡಿದಾಗ, ಆ ಮಾತುಗಳನ್ನು ಕನ್ನಡಕ್ಕೆ ಹೇಳಿದ ವಿದ್ಯಾರ್ಥಿ ನರಸಿಂಹಯ್ಯ. ಹಿಂದಿನ ವರ್ಷವಷ್ಟೇ ಕಾಲ್ನಡಿಗೆಯಲ್ಲಿ ಊರು ಬಿಟ್ಟು ಬಂದಿದ್ದ ಹುಡುಗನಿಗೆ ಅದು ಎಂಥ ಕ್ಷಣವಾಗಿರಬೇಕು! ಅಂದಿನಿಂದ ಗಾಂಧೀ ದಾರಿ ಅವರನ್ನು ಬಿಡಲಿಲ್ಲ. ಖಾದಿ ಪಂಚೆ, ಖಾದಿ ಜುಬ್ಬ, ತಲೆಯ ಮೇಲೆ ಗಾಂಧಿ ಟೋಪಿ ಕೊನೆಯವರೆಗೂ ಅವರ ಗುರುತಾಗಿ ಉಳಿದವು.

ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದರು. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾದಾಗ ಓದನ್ನು ಅರ್ಧಕ್ಕೆ ಬಿಟ್ಟು ಅದರಲ್ಲಿ ಇಳಿದು ಜೈಲು ಸೇರಿದರು. ಬಿಡುಗಡೆಯಾದ ಮೇಲೆ ಮತ್ತೆ ಪುಸ್ತಕ ಹಿಡಿದು 1946ರಲ್ಲಿ ಮೊದಲ ದರ್ಜೆಯಲ್ಲಿ ಎಂ.ಎಸ್ಸಿ. ಮುಗಿಸಿದರು. ಹಿಂದಿನ ವರ್ಷವಷ್ಟೇ ಆರಂಭವಾಗಿದ್ದ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಲ್ಲಿಂದ ಮುಂದೆ ಆ ಕಾಲೇಜೇ ಅವರ ಮನೆ. ಮದುವೆಯಾಗಲಿಲ್ಲ. ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ವಿದ್ಯಾರ್ಥಿಗಳ ನಡುವೆಯೇ ಜೀವನ ಕಳೆದರು. ಪ್ರಿನ್ಸಿಪಾಲರಾದಾಗಲೂ ಅದೇ ಕೋಣೆ, ಮುಂದೆ ವಿಶ್ವವಿದ್ಯಾಲಯದ ಕುಲಪತಿಯಾದಾಗಲೂ ಅದೇ ಕೋಣೆ.

ನಡುವೆ ಅಮೆರಿಕಕ್ಕೆ ಹೋಗಿ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದರು. ಆ ಶಾಸ್ತ್ರದಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಅಧ್ಯಯನ ಮಾಡುವ ವಸ್ತು ಕಣ್ಣಿಗೆ ಕಾಣುವುದಿಲ್ಲ, ಉಪಕರಣ ಎಣಿಸಿದ ಸಂಖ್ಯೆ ಮಾತ್ರ ಕಾಣುತ್ತದೆ. ವಿಕಿರಣ ಸೂಸುವ ವಸ್ತುವನ್ನು ಇಡದಿದ್ದರೂ ಉಪಕರಣ ಒಂದಷ್ಟು ಎಣಿಸುತ್ತಲೇ ಇರುತ್ತದೆ. ಹಾಗಾಗಿ ಮೊದಲು ವಸ್ತು ಇಲ್ಲದೆ ಎಣಿಸಬೇಕು, ಆಮೇಲೆ ಇಟ್ಟು ಎಣಿಸಬೇಕು. ಎರಡರ ವ್ಯತ್ಯಾಸವೇ ಪುರಾವೆ. ಬರೀ ಸದ್ದು ಕೇಳಿಸಿತು ಎಂದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಎಚ್ಚೆನ್ ಅವರು ಮುಂದೆ ಸಾರ್ವಜನಿಕ ಜೀವನದಲ್ಲಿ ಮಾಡಿದ ಕೆಲಸವನ್ನು ನೋಡಿದರೆ ಈ ಪದ್ಧತಿಯನ್ನೇ ಪ್ರಯೋಗಶಾಲೆಯಿಂದ ಬೀದಿಗೆ ತಂದರು ಅನಿಸುತ್ತದೆ.

ಅಮೆರಿಕದಿಂದ ಮರಳಿ ಅದೇ ಹಾಸ್ಟೆಲ್ ಕೋಣೆಗೆ ಬಂದರು. 1961ರಲ್ಲಿ ಪ್ರಿನ್ಸಿಪಾಲರಾದರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ, ಅಂದರೆ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ವಾರಕ್ಕೊಮ್ಮೆ, ಬುಧವಾರ ಸಂಜೆ, ಒಬ್ಬ ವಿಜ್ಞಾನಿ ಬಂದು ಸಾಮಾನ್ಯ ಜನರಿಗೆ ಅರ್ಥವಾಗುವಂತೆ ಉಪನ್ಯಾಸ ಕೊಡುವುದು, ಆಮೇಲೆ ಸಭಿಕರು ಪ್ರಶ್ನೆ ಕೇಳುವುದು. ಜುಲೈ ತಿಂಗಳಲ್ಲಿ ವಿಜ್ಞಾನೋತ್ಸವ. 1965ರಲ್ಲಿ ಜಯನಗರದಲ್ಲಿಯೂ ನ್ಯಾಷನಲ್ ಕಾಲೇಜು ಆರಂಭವಾಯಿತು. ಊರ ಕಡೆಯನ್ನೂ ಅವರು ಮರೆಯಲಿಲ್ಲ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ಬಂದವು. ತಮ್ಮ ಹಾಗೆ ಇನ್ನೊಬ್ಬ ಹುಡುಗ ಓದಿಗಾಗಿ 80 ಕಿ.ಮೀ. ನಡೆಯುವಂತಾಗಬಾರದು ಎಂಬ ಕಳಕಳಿ ಇದರ ಹಿಂದೆ ಇದ್ದಿರಬೇಕು ಎಂದು ನನ್ನ ಭಾವನೆ.

1972ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1977ರವರೆಗೆ ಆ ಹುದ್ದೆಯಲ್ಲಿದ್ದರು. ದೇಶವೆಲ್ಲ ಅವರ ಹೆಸರು ಕೇಳಿದ್ದು ಈ ಅವಧಿಯ ಒಂದು ಕೆಲಸದಿಂದ. 1976ರಲ್ಲಿ ಅವರು ಪವಾಡಗಳನ್ನೂ, ಪರೀಕ್ಷೆ ಮಾಡಿ ನೋಡಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ವಿಶ್ವವಿದ್ಯಾಲಯದ ವತಿಯಿಂದ 12 ಜನರ ಸಮಿತಿಯೊಂದನ್ನು ರಚಿಸಿದರು. ಸಮಿತಿಯ ಹೆಸರಿನಲ್ಲೇ ಒಂದು ಎಚ್ಚರ ಇದೆ. ಪರೀಕ್ಷೆ ಮಾಡಿ ನೋಡಬಹುದಾದವು ಮಾತ್ರ. ದೇವರಿದ್ದಾನೆಯೇ, ಭಕ್ತಿ ಸರಿಯೇ ಎಂಬ ಪ್ರಶ್ನೆಗಳು ಆ ಸಮಿತಿಯ ಮುಂದೆ ಇರಲಿಲ್ಲ. ಯಾರಾದರೂ ಬರಿಗೈಯಿಂದ ವಸ್ತು ಸೃಷ್ಟಿಸುತ್ತೇನೆ ಎಂದರೆ ಅದು ನಿಜವೇ ಎಂದು ನೋಡುವುದಷ್ಟೇ ಅದರ ಕೆಲಸ. ಶೂನ್ಯದಿಂದ ವಸ್ತು ಬರುವುದಾದರೆ ಭೌತಶಾಸ್ತ್ರದ ಮೂಲ ನಿಯಮವೇ ಬದಲಾಗಬೇಕಾಗುತ್ತದೆ. ಹಾಗಾಗಿ ಭೌತಶಾಸ್ತ್ರದ ಮೇಷ್ಟರು ಅದನ್ನು ಕೇಳದೆ ಇರುವಂತಿರಲಿಲ್ಲ.

ಸಮಿತಿಯ ಪರವಾಗಿ ಅವರು ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಮೂರು ಪತ್ರ ಬರೆದು, ಸಮಿತಿಯ ಎದುರು ಪರೀಕ್ಷೆಗೆ ಒಪ್ಪಬೇಕೆಂದು ಕೋರಿದರು. ಪತ್ರಗಳಿಗೆ ಉತ್ತರ ಬರಲಿಲ್ಲ. ವಿಜ್ಞಾನ ಇಂದ್ರಿಯಗಳಿಗೆ ಸಿಗುವ ವಿಷಯಗಳನ್ನು ಮಾತ್ರ ವಿಚಾರಿಸಬೇಕು, ಆಧ್ಯಾತ್ಮ ಅದಕ್ಕೆ ಮೀರಿದ್ದು, ಸಮಿತಿ ಬಂದ ರೀತಿಯೇ ಸರಿಯಿಲ್ಲ ಎಂಬುದು ಬಾಬಾ ಅವರು ಆಮೇಲೆ ಸಂದರ್ಶನದಲ್ಲಿ ಕೊಟ್ಟ ಸಮಾಧಾನ. ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ವಾದ ನಡೆಯಿತು. ನಮ್ಮೂರಿನಲ್ಲಿಯೂ ಬಾಬಾ ಅವರ ಭಕ್ತರಿದ್ದಾರೆ, ವೈಟ್‌ಫೀಲ್ಡಿನ ಅವರ ಆಸ್ಪತ್ರೆಯಲ್ಲಿ ಹಣ ಕೊಡದೆ ಚಿಕಿತ್ಸೆ ಪಡೆದು ಬಂದವರಿದ್ದಾರೆ. ಅವರ ಮನಸ್ಸು ನೋಯಿಸಲು ನಾನು ಇದನ್ನು ಬರೆಯುತ್ತಿಲ್ಲ. ಆಸ್ಪತ್ರೆ ಕಟ್ಟಿಸಿದ ಪುಣ್ಯ ಒಂದು ವಿಷಯ, ಕೈಯಿಂದ ಉಂಗುರ ಬಂತೇ ಎಂಬುದು ಬೇರೆ ವಿಷಯ. ಒಂದರ ಪುರಾವೆಯನ್ನು ಇನ್ನೊಂದಕ್ಕೆ ಹಚ್ಚಬಾರದು ಅಷ್ಟೆ.

ಉಂಗುರ, ವಿಭೂತಿ ಬೇಡ, ಒಂದು ಕುಂಬಳಕಾಯಿ ಸೃಷ್ಟಿಸಿ ತೋರಿಸಲಿ ಎಂಬ ಎಚ್ಚೆನ್ ಅವರ ಸವಾಲು ಬೆಂಗಳೂರಿನಲ್ಲಿ ಮನೆಮಾತಾಯಿತು. ಜನ ಅದನ್ನು ತಮಾಷೆಯಾಗಿ ನೆನೆಯುತ್ತಾರೆ. ಆದರೆ ಅದರೊಳಗೆ ಒಳ್ಳೆಯ ತರ್ಕವಿದೆ. ಉಂಗುರವನ್ನು ತೋಳಿನಲ್ಲಿ ಅಡಗಿಸಬಹುದು, ಶಕ್ತಿಯಿಂದ ಸೃಷ್ಟಿಸಿದರೂ ಅದು ಉಂಗುರವೇ. ಕೈಚಳಕ ಇರಲಿ, ನಿಜವಾದ ಶಕ್ತಿ ಇರಲಿ, ನೋಡುವವರಿಗೆ ಕಾಣುವುದು ಒಂದೇ. ಹಾಗಾದ ಮೇಲೆ ಉಂಗುರ ಯಾವುದಕ್ಕೂ ಪುರಾವೆಯಲ್ಲ. ಕುಂಬಳಕಾಯಿಯನ್ನು ಜುಬ್ಬದ ತೋಳಿನಲ್ಲಿ ಅಡಗಿಸಲಾಗದು. ಅದು ಬಂದರೆ ಒಂದು ಅರ್ಥ, ಬಾರದಿದ್ದರೆ ಇನ್ನೊಂದು ಅರ್ಥ. ಎರಡು ಸಾಧ್ಯತೆಗಳನ್ನು ಬೇರೆ ಬೇರೆ ಮಾಡಿ ತೋರಿಸುವುದನ್ನು ಮಾತ್ರ ಪುರಾವೆ ಎನ್ನಬೇಕು ಎಂಬುದು ಇದರ ಸಾರ.

ಅದೇ ವರ್ಷ ಪಾಂಡವಪುರದಲ್ಲಿ ಒಬ್ಬ ಪುಟ್ಟ ಹುಡುಗ ಕೈಯಿಂದ ವಿಭೂತಿ ಉದುರಿಸುತ್ತಾನೆಂದು ಜನ ಸೇರುತ್ತಿದ್ದರು. ಸಮಿತಿ ಅಲ್ಲಿಗೆ ಹೋಯಿತು. ಪರೀಕ್ಷಿಸಿ ನೋಡಿದಾಗ ವಿಭೂತಿ ಇದ್ದದ್ದು ಹುಡುಗನ ಬನಿಯನ್ನಿನ ಒಳಗೆ. ಅದನ್ನು ತೆಗೆಸಿದ ಮೇಲೆ ವಿಭೂತಿ ಬರಲಿಲ್ಲ. ಪರಮಾಣು ಉಪಕರಣದ ಲೆಕ್ಕವೇ ಇಲ್ಲಿಯೂ. ಒಮ್ಮೆ ಇಟ್ಟು ನೋಡು, ಒಮ್ಮೆ ತೆಗೆದು ನೋಡು. ಆ ವಯಸ್ಸಿನ ಹುಡುಗನನ್ನು ದೂರಲು ನನಗೆ ಮನಸ್ಸು ಬಾರದು. ಬನಿಯನ್ ತೊಡಿಸಿದವರು ದೊಡ್ಡವರು, ನಂಬಿದವರೂ ದೊಡ್ಡವರೇ.

1976 ಎಂಬ ವರ್ಷದ ಬಗ್ಗೆ ಇನ್ನೊಂದು ಮಾತು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ ಎಂದು ನಮ್ಮ ಸಂವಿಧಾನಕ್ಕೆ 51ಎ ವಿಧಿಯಲ್ಲಿ ಸೇರಿಸಿದ್ದು ಅದೇ ವರ್ಷದ 42ನೇ ತಿದ್ದುಪಡಿಯಲ್ಲಿ. ಸಮಾಜ ವಿಜ್ಞಾನದ ಪರೀಕ್ಷೆಗೆ ನಾವೆಲ್ಲ ಈ ಕರ್ತವ್ಯಗಳ ಪಟ್ಟಿಯನ್ನು ಉರು ಹೊಡೆದವರೇ. ಅರ್ಥ ಮಾಡಿಕೊಂಡವರು ಎಷ್ಟು ಜನವೋ. ನಾನಂತೂ ಆಗ ಅರ್ಥ ಮಾಡಿಕೊಂಡಿರಲಿಲ್ಲ.

ಈಗ ನನ್ನ ಕತೆಗೆ ಬರುತ್ತೇನೆ.

2003ರ ಡಿಸೆಂಬರ್. ನಾನು ಹತ್ತನೇ ತರಗತಿಯ ಲೀಡರ್. ಮೈಸೂರು, ಶ್ರೀರಂಗಪಟ್ಟಣ ಪ್ರವಾಸಕ್ಕೆ ತಲಾ 150 ರೂಪಾಯಿಯಂತೆ 14 ಜನರಿಂದ 2,100 ರೂಪಾಯಿ ಸಂಗ್ರಹಿಸಿ ಕಂದು ಬಣ್ಣದ ಕವರಿನಲ್ಲಿ ಹಾಕಿ ತರಗತಿಯ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೆ. ಪಿ.ಟಿ. ಪೀರಿಯಡ್ ಮುಗಿಸಿ ಬಂದು ನೋಡಿದರೆ ಕವರ್ ಇಲ್ಲ. ಎಲ್ಲರೂ ಮೈದಾನದಲ್ಲಿದ್ದಾಗ ನಮ್ಮ ಹಿಂದಿನ ಬೆಂಚಿನ ಗೆಳೆಯನೊಬ್ಬ ತರಗತಿಯಿಂದ ಹೊರಗೆ ಬಂದದ್ದನ್ನು ನಾನು ನೋಡಿದ್ದೆ. ಯಾರು ತೆಗೆದದ್ದು ಎಂದು ಕೇಳಿದಾಗ ಅವನ ಹೆಸರು ಹೇಳಿದೆ. ನೋಡಿದೆಯಾ ಎಂದು ಕೇಳಿದರು. ನೋಡಿದೆ ಎಂದೆ.

ನೀರಿನ ಬಾಟಲಿ ತರಲು ಹೋಗಿದ್ದೆ ಎಂದು ಅವನು ಅಳುತ್ತಾ ಹೇಳಿದ. ಯಾರೂ ಕೇಳಲಿಲ್ಲ. ಊರಿನ ಕೆಲವರು ಅವನನ್ನೂ ಅವನ ತಾಯಿಯನ್ನೂ ಅಂಜನ ನೋಡುವವರ ಬಳಿಗೆ ಕರೆದುಕೊಂಡು ಹೋದರು. ಹುಡುಗ ಹತ್ತಿರದವನೇ, ನೀಲಿ ಬಣ್ಣ ಕಾಣುತ್ತಿದೆ ಎಂದು ಅಂಜನದವರು ಹೇಳಿದರಂತೆ. ನಮ್ಮ ಯೂನಿಫಾರಂ ನೀಲಿ. ಇಡೀ ಶಾಲೆಯೇ ನೀಲಿ. ಆದರೂ ಎಲ್ಲರಿಗೂ ಖಾತ್ರಿಯಾಯಿತು. ಗಾರ್ಮೆಂಟ್ಸಿಗೆ ಹೋಗುತ್ತಿದ್ದ ಆ ತಾಯಿ ಓಲೆ ಅಡವಿಟ್ಟು ಹಣ ಕಟ್ಟಿದರು. ನಾವು ಪ್ರವಾಸಕ್ಕೆ ಹೋಗಿ ಬಂದೆವು. ಅವನು ಶಾಲೆ ಬಿಟ್ಟ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಲಿಲ್ಲ.

ಮೇ ತಿಂಗಳಲ್ಲಿ ಸುಣ್ಣ ಬಳಿಯಲು ಮೇಜುಗಳನ್ನು ಹೊರಗೆ ಹಾಕಿದಾಗ ಡ್ರಾಯರಿನ ಹಿಂದಿನ ಸಂದಿನಲ್ಲಿ ಆ ಕವರ್ ಸಿಕ್ಕಿತು. 2,100 ರೂಪಾಯಿ ಪೂರಾ ಇತ್ತು. ಹೆಡ್‌ಮಾಸ್ತರರು ಸ್ವತಃ ಅವನ ಮನೆಗೆ ಹೋಗಿ ಹಣ ಕೊಟ್ಟು ಬಂದರು. ಅಷ್ಟರಲ್ಲಿ ಅವನು ಗ್ಯಾರೇಜ್ ಸೇರಿಯಾಗಿತ್ತು. ನಾನು ಅವನ ಮನೆಗೆ ಹೋಗಲಿಲ್ಲ. ಜಯನಗರದಲ್ಲಿ ಪಿ.ಯು.ಸಿ. ಸೇರಿದೆ, ಬಿ.ಇ. ಮಾಡಿದೆ, ಕೆಲಸ ಸಿಕ್ಕಿತು.

ನಾನು ಮೊದಲ ಪಿ.ಯು.ಸಿ.ಯಲ್ಲಿದ್ದಾಗ, 2005ರ ಜನವರಿ 31ರಂದು ಎಚ್ಚೆನ್ ತೀರಿಕೊಂಡರು. ಪತ್ರಿಕೆಯಲ್ಲಿ ಗಾಂಧಿ ಟೋಪಿಯ ಫೋಟೊ ನೋಡಿದ ನೆನಪು ಮಾತ್ರ ಇದೆ. ಅವರನ್ನು ನಾನು ಕಣ್ಣಾರೆ ಕಂಡವನಲ್ಲ. ಕೆಲಸ ಸೇರಿದ ಮೇಲೆ ಸ್ನೇಹಿತರೊಬ್ಬರು ವಿಜ್ಞಾನ ವೇದಿಕೆಯ ಉಪನ್ಯಾಸಕ್ಕೆ ಕರೆದುಕೊಂಡು ಹೋದರು. ಅಲ್ಲಿಂದ ಅವರ ಆತ್ಮಕಥೆ ‘ಹೋರಾಟದ ಹಾದಿ’ಯನ್ನೂ, ‘ತೆರೆದ ಮನ’ವನ್ನೂ ಓದುವಂತಾಯಿತು. ಓದುತ್ತಾ ಹೋದಂತೆ ಪಾಂಡವಪುರದ ಹುಡುಗನ ಜಾಗದಲ್ಲಿ ನನ್ನ ಗೆಳೆಯನ ಮುಖ ಕಾಣತೊಡಗಿತು. ಇಬ್ಬರ ವಿಷಯದಲ್ಲಿಯೂ ದೊಡ್ಡವರು ನಂಬಿದ್ದರು, ಯಾರೂ ಪರೀಕ್ಷಿಸಿರಲಿಲ್ಲ. ವ್ಯತ್ಯಾಸ ಇಷ್ಟೇ, ಪಾಂಡವಪುರಕ್ಕೆ ಒಬ್ಬ ಎಚ್ಚೆನ್ ಹೋಗಿದ್ದರು. ನಮ್ಮ ತರಗತಿಯಲ್ಲಿ ಆ ಡ್ರಾಯರನ್ನು ಪೂರ್ತಿ ಹೊರಗೆಳೆದು ನೋಡೋಣ ಎನ್ನುವವರು ಒಬ್ಬರೂ ಇರಲಿಲ್ಲ.

ನನ್ನ ಕೆಲಸದ ದೆಸೆಯಿಂದ ತರ್ಕಶಾಸ್ತ್ರದ ಒಂದು ಶಾಖೆಯ ಪರಿಚಯವೂ ಆಯಿತು. ಅರಿವು, ನಂಬಿಕೆ, ಪುರಾವೆ ಇವುಗಳನ್ನು ಗಣಿತದಂತೆ ಬರೆದು ಲೆಕ್ಕ ಹಾಕುವ ಶಾಖೆ ಅದು. ಫಿನ್ಲೆಂಡಿನ ಯಾಕ್ಕೊ ಹಿಂಟಿಕ್ಕ ಎಂಬ ತತ್ವಶಾಸ್ತ್ರಜ್ಞರು ಅರಿವು ಮತ್ತು ನಂಬಿಕೆಗಳ ತರ್ಕದ ಬಗ್ಗೆ ಪುಸ್ತಕ ಪ್ರಕಟಿಸಿದ್ದು 1962ರಲ್ಲಿ. ಬಸವನಗುಡಿಯಲ್ಲಿ ವಿಜ್ಞಾನ ವೇದಿಕೆ ಶುರುವಾದದ್ದೂ ಅದೇ ವರ್ಷ. ಒಬ್ಬರಿಗೊಬ್ಬರ ಸಂಬಂಧವೇನೂ ಇಲ್ಲ, ಆದರೆ ನನ್ನ ತಲೆಯಲ್ಲಿ ಇಬ್ಬರೂ ಒಟ್ಟಿಗೆ ಕೂತಿದ್ದಾರೆ.

ಹಿಂಟಿಕ್ಕರ ವಿಚಾರವನ್ನು ನಮ್ಮ ಡ್ರಾಯರಿಗೆ ಅನ್ವಯಿಸಿ ಹೇಳುತ್ತೇನೆ. ನನಗೆ ಗೊತ್ತಿದ್ದ ಸಂಗತಿಗಳಿಗೆ ಹೊಂದುವ ಎಲ್ಲ ಸಾಧ್ಯತೆಗಳನ್ನೂ ಪಟ್ಟಿ ಮಾಡಬೇಕು. ಗೆಳೆಯ ತರಗತಿಯಿಂದ ಹೊರಬಂದ, ಕವರ್ ಕಾಣುತ್ತಿಲ್ಲ, ಇವೆರಡೇ ನನಗೆ ಗೊತ್ತಿದ್ದದ್ದು. ಅವನು ಹಣ ತೆಗೆದಿದ್ದರೂ ಇವೆರಡು ಹೊಂದುತ್ತವೆ. ಅವನಿಗಿಂತ ಮೊದಲು ಬೇರೆಯವರು ತೆಗೆದಿದ್ದರೂ ಹೊಂದುತ್ತವೆ. ಯಾರೂ ತೆಗೆಯದೆ ಕವರ್ ಡ್ರಾಯರಿನ ಹಿಂದೆ ಜಾರಿದ್ದರೂ ಹೊಂದುತ್ತವೆ. ಪಟ್ಟಿಯ ಎಲ್ಲ ಸಾಧ್ಯತೆಗಳಲ್ಲಿಯೂ ನಿಜವಾಗಿರುವುದನ್ನು ಮಾತ್ರ ಗೊತ್ತು ಎನ್ನಬಹುದು. ಅವನು ಕದ್ದ ಎಂಬುದು ಒಂದು ಸಾಧ್ಯತೆಯಲ್ಲಿ ನಿಜ, ಉಳಿದವುಗಳಲ್ಲಿ ಸುಳ್ಳು. ಆದ್ದರಿಂದ ನನಗೆ ಅದು ಗೊತ್ತಿರಲಿಲ್ಲ, ನಂಬಿದ್ದೆ ಅಷ್ಟೆ. ಅರಿವಿಗೂ ನಂಬಿಕೆಗೂ ಇರುವ ಮುಖ್ಯ ವ್ಯತ್ಯಾಸವೂ ಇದೇ. ಗೊತ್ತಿದೆ ಎಂದರೆ ಅದು ನಿಜವಾಗಿರಲೇಬೇಕು. ನಂಬಿಕೆ ಎಷ್ಟೇ ಗಟ್ಟಿಯಾಗಿದ್ದರೂ ಸುಳ್ಳಾಗಬಹುದು.

1990ರ ದಶಕದಲ್ಲಿ ಸೆರ್ಗೈ ಅರ್ತ್ಯೋಮೊವ್ ಎಂಬ ಗಣಿತಜ್ಞರು ಇದರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಗೊತ್ತಿದೆ ಎಂದು ಬರೆದರೆ ಸಾಲದು, ಯಾವ ಪುರಾವೆಯಿಂದ ಎಂಬುದನ್ನೂ ಜೊತೆಗೇ ಬರೆಯಬೇಕು. ‘ತ’ ಎಂಬ ಪುರಾವೆ ‘ಪ’ ಎಂಬ ಸಂಗತಿಗೆ ಇದ್ದರೆ ‘ತ : ಪ’ ಎಂದು ಬರೆಯುವುದು. ‘ಪ’ ಇದ್ದರೆ ‘ಕ’ ಇರುತ್ತದೆ ಎಂಬುದಕ್ಕೆ ‘ಸ’ ಎಂಬ ಇನ್ನೊಂದು ಪುರಾವೆ ಬೇಕು. ‘ಸ’ ಮತ್ತು ‘ತ’ ಎರಡನ್ನೂ ಜೋಡಿಸಿದಾಗ ಮಾತ್ರ ‘ಕ’ಕ್ಕೆ ಪುರಾವೆ ಸಿಗುತ್ತದೆ. ನನ್ನ ಬಳಿ ‘ತ’ ಇತ್ತು, ಅದು ನನ್ನ ಕಣ್ಣು. ಅದು ಅವನು ಹೊರಬಂದ ಎಂಬುದಕ್ಕೆ ಪುರಾವೆ. ಹೊರಬಂದವನೇ ಕದ್ದವನು ಎಂಬುದಕ್ಕೆ ಬೇಕಾದ ‘ಸ’ ನನ್ನ ಬಳಿ ಇರಲಿಲ್ಲ. ನೋಡಿದೆಯಾ ಎಂಬ ಪ್ರಶ್ನೆಗೆ ನೋಡಿದೆ ಎಂದಾಗ, ಒಂದಕ್ಕೆ ಇದ್ದ ಸಾಕ್ಷಿಯನ್ನು ಇನ್ನೊಂದಕ್ಕೆ ಕೊಟ್ಟುಬಿಟ್ಟೆ.

ಇದಕ್ಕೆ ವಿದೇಶದ ಪುಸ್ತಕವೇ ಬೇಕೆಂದೇನೂ ಇಲ್ಲ. ನಮ್ಮ ಶಾಸ್ತ್ರಕಾರರು ಪ್ರತ್ಯಕ್ಷ, ಅನುಮಾನ ಎಂದು ಪ್ರಮಾಣಗಳನ್ನು ಬೇರೆ ಬೇರೆ ಮಾಡಿಯೇ ಇಟ್ಟಿದ್ದರು. ಬೆಟ್ಟದ ಮೇಲೆ ಹೊಗೆ ಕಂಡರೆ ಅದು ಪ್ರತ್ಯಕ್ಷ. ಅಲ್ಲಿ ಬೆಂಕಿ ಇದೆ ಎನ್ನುವುದು ಅನುಮಾನ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ ಎಂಬ ನಿಯಮ ಗಟ್ಟಿಯಿದ್ದರೆ ಮಾತ್ರ ಆ ಅನುಮಾನ ನಿಲ್ಲುತ್ತದೆ. ವಿಚಿತ್ರವೆಂದರೆ ನಮ್ಮ ಆಡುಮಾತಿನಲ್ಲಿ ಅನುಮಾನ ಅಂದರೆ ಸಂಶಯ. ಶಾಸ್ತ್ರದ ಅನುಮಾನ ಕಷ್ಟಪಟ್ಟು ಕಟ್ಟುವ ತೀರ್ಮಾನ, ಬೀದಿಯ ಅನುಮಾನ ಸುಮ್ಮನೆ ಬರುವ ಗುಮಾನಿ. ಆ ದಿನ ನಾವು ಬೀದಿಯ ಅನುಮಾನವನ್ನು ಶಾಸ್ತ್ರದ ಅನುಮಾನ ಎಂದು ತಿಳಿದೆವು. ಅಂಜನದ ವಿಷಯವನ್ನಂತೂ ಕುಂಬಳಕಾಯಿಯ ಲೆಕ್ಕದಲ್ಲಿ ನೋಡಿದರೆ ಸಾಕು. ಕದ್ದವನು ಯಾವ ವಿದ್ಯಾರ್ಥಿಯಾಗಿದ್ದರೂ ನೀಲಿ ಬಣ್ಣವೇ ಕಾಣಬೇಕು. ಯಾರೂ ಕದಿಯದಿದ್ದರೂ ಅಂಜನದಲ್ಲಿ ನೀಲಿಯೇ ಕಂಡಿತು.

ಎಚ್ಚೆನ್ ಅವರಿಗೆ 1984ರಲ್ಲಿ ಪದ್ಮಭೂಷಣ ಬಂತು. ಸ್ವಾತಂತ್ರ್ಯ ಹೋರಾಟಗಾರರ ತಾಮ್ರಪತ್ರ ಬಂತು. ವಿಧಾನ ಪರಿಷತ್ತಿನ ಸದಸ್ಯರಾದರು. ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಅಮೆರಿಕದಲ್ಲಿ 1976ರಲ್ಲೇ ಹುಟ್ಟಿದ ಸಮಿತಿಯೊಂದು ಅವರನ್ನು ತನ್ನ ಫೆಲೋ ಮಾಡಿಕೊಂಡಿತು. ನ್ಯಾಷನಲ್ ಎಜುಕೇಶನ್ ಸೊಸೈಟಿಯ ಅಧ್ಯಕ್ಷರಾಗಿ ದುಡಿದರು. ಇಷ್ಟೆಲ್ಲ ಆದರೂ ವಿಳಾಸ ಬದಲಾಗಲಿಲ್ಲ. ತೀರಿಕೊಂಡಾಗ ಅವರಿಗೆ 84 ವರ್ಷ. ಇಂದು ಅವರ ಹೆಸರಿನ ಕಲಾಕ್ಷೇತ್ರ ಜಯನಗರದ ನ್ಯಾಷನಲ್ ಕಾಲೇಜಿನ ಆವರಣದಲ್ಲಿದೆ. ಜೆ.ಪಿ. ನಗರದಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಬನಶಂಕರಿ, ಜಯನಗರ, ಲಾಲ್‌ಬಾಗ್ ದಾಟಿದ ಮೇಲೆ ನ್ಯಾಷನಲ್ ಕಾಲೇಜು ಎಂದು ಕೂಗುತ್ತದೆ. ನಾನು ಆ ಮಾರ್ಗದಲ್ಲಿ ಹೋದಾಗಲೆಲ್ಲ ನಡೆದು ಬಂದ ಹೊಸೂರಿನ ಹುಡುಗನೂ ನೆನಪಾಗುತ್ತಾನೆ, ನೀರಿನ ಬಾಟಲಿಯ ನನ್ನ ಗೆಳೆಯನೂ ನೆನಪಾಗುತ್ತಾನೆ. ಒಬ್ಬರು ಶಾಲೆಗಾಗಿ ನಡೆದು ಬಂದರು. ಇನ್ನೊಬ್ಬ ನನ್ನ ಒಂದು ಮಾತಿನಿಂದ ಶಾಲೆ ಬಿಟ್ಟು ನಡೆದ.

ಈ ಲೇಖನ ಬರೆಯಲು ಒಪ್ಪಿದ ಮೇಲೆ ಅವನನ್ನು ಹುಡುಕಿಕೊಂಡು ಹೋದೆ. ಬಿ.ಟಿ.ಎಂ. ಲೇಔಟ್ ಕಡೆ ದ್ವಿಚಕ್ರ ವಾಹನಗಳ ಸ್ವಂತ ಗ್ಯಾರೇಜ್ ಇಟ್ಟಿದ್ದಾನೆ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡದೆ ನನ್ನ ಮಾತು ಪೂರ್ತಿ ಕೇಳಿದ. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ, ಹೇಳಬೇಕೆಂದು ನಾನು ಕೇಳಲೂ ಇಲ್ಲ. ಟೀ ತರಿಸಿದ. ತಾಯಿ ತೀರಿಕೊಂಡು ನಾಲ್ಕು ವರ್ಷವಾಯಿತು ಎಂದ. ಅವನ ಹೆಸರು ಹಾಕದೆ ಈ ವಿಷಯ ಬರೆಯಲೇ ಎಂದು ಕೇಳಿದಾಗ ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದ. ಒಂದು ಷರತ್ತು ಹಾಕಿದ. ಹಣ ಕಳುವಾದ ಸುದ್ದಿ ಇಡೀ ಊರಿಗೆ ಮುಟ್ಟಿತ್ತು, ಸಿಕ್ಕಿದ ಸುದ್ದಿ ಅರ್ಧ ಊರಿಗೂ ಮುಟ್ಟಲಿಲ್ಲ. ಮುಟ್ಟಿದವರೂ ಉಳಿದವರಿಗೆ ಗೊತ್ತಿದೆಯೋ ಇಲ್ಲವೋ ಎಂದು ಅದರ ಮಾತೆತ್ತಲಿಲ್ಲ. ಅವನ ತಾಯಿ ಕೊನೆಯವರೆಗೂ ಊರ ಜಾತ್ರೆಗೆ ಬಂದಿರಲಿಲ್ಲ. ಆದ್ದರಿಂದ ಹಣ ಸಿಕ್ಕಿತು ಎಂಬುದನ್ನು ಎಲ್ಲರೂ ಓದುವ ಹಾಗೆ ಸ್ಪಷ್ಟವಾಗಿ ಬರೆಯಬೇಕು ಎಂದ.

ಹಾಗಾಗಿ ಊರಿನ ಹಿರಿಯರಲ್ಲಿ, ನನ್ನ ಸಹಪಾಠಿಗಳಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. 2003ರ ಡಿಸೆಂಬರಿನಲ್ಲಿ ಹತ್ತನೇ ತರಗತಿಯ ಪ್ರವಾಸದ ಹಣವನ್ನು ಯಾರೂ ಕದ್ದಿರಲಿಲ್ಲ. ಅದು ಡ್ರಾಯರಿನ ಹಿಂದೆ ಬಿದ್ದಿತ್ತು, ಪೂರಾ ಸಿಕ್ಕಿತು. ಆ ಹುಡುಗ ನಿರಪರಾಧಿ. ಕಂಡದ್ದಕ್ಕಿಂತ ಹೆಚ್ಚು ಹೇಳಿದವನು ನಾನು. ಆ ತಾಯಿಗೆ ಈ ಮಾತು ಹೇಳಲು ನಾನು ತಡಮಾಡಿದೆ.

ಈಗ ಶಾಲೆಯಲ್ಲಿ ಓದುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ನನ್ನದು ಒಂದೇ ಕೋರಿಕೆ. ಯಾರ ಮೇಲಾದರೂ ದೂರು ಹೇಳುವ ಮುನ್ನ, ಮೊಬೈಲಿನಲ್ಲಿ ಬಂದ ಸುದ್ದಿಯನ್ನು ಇನ್ನೊಬ್ಬರಿಗೆ ಕಳಿಸುವ ಮುನ್ನ, ನಾನು ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂದು ಎರಡು ಕಾಲಂ ಮಾಡಿ ಬರೆದು ನೋಡಿ. ಮೇಷ್ಟರು ಹೇಳಿದ್ದರೂ ಸರಿ, ಸಾಫ್ಟ್‌ವೇರ್ ಎಂಜಿನಿಯರ್ ಬರೆದಿದ್ದರೂ ಸರಿ, ಹೇಗೆ ಗೊತ್ತು ಎಂದು ಕೇಳಿ. ಎಚ್ಚೆನ್ ಅವರು ತಮ್ಮ ವಿದ್ಯಾರ್ಥಿಗಳಿಂದ ಬಯಸಿದ್ದು ಇದನ್ನೇ.

ಗೆಳೆಯನ ಮಗಳು ಈಗ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಾಳೆ. ಸುವರ್ಣ ಮಹೋತ್ಸವಕ್ಕೆ ಅವಳನ್ನೂ ಕರೆದುಕೊಂಡು ಬಾ ಎಂದು ಹೇಳಿ ಬಂದಿದ್ದೇನೆ. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಬಂದರೆ ದಯವಿಟ್ಟು ಮುಂದಿನ ಸಾಲಿನಲ್ಲಿ ಕೂರಿಸಬೇಕೆಂದು ಸಮಿತಿಯವರಲ್ಲಿ ವಿನಂತಿ.



(ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಹಳೆಯ ವಿದ್ಯಾರ್ಥಿ, 2003-04ನೇ ಸಾಲು)